ಮಡಚದ ಕಾಲರು

"ನಾಳೆಯಿಂದ ಈ ಕಿಟಕಿ ಹತ್ರ ಬಂದಾಗ ಆ ಕಡೆ ತಿರುಗಿ ನಿಲ್ಲಿ," ಎಂದಳು ಲ್ಯಾಬಿನ ಹುಡುಗಿ.

ಮಕ್ಕಳ ವಾರ್ಡಿನ ಯುವ ಡಾಕ್ಟರ್ ಕೈಯಲ್ಲಿದ್ದ ಸ್ಯಾಂಪಲ್ ಡಬ್ಬಿ ಕೆಳಗಿಡುವುದನ್ನೇ ಮರೆತ. "ನನ್ನ ಮುಖ ಅಷ್ಟು ಕೆಟ್ಟದಾಗಿದೆಯಾ?"

"ಕೆಟ್ಟದಾಗಿದ್ದಿದ್ರೆ ಪರವಾಗಿರಲಿಲ್ಲ. ಅದರಲ್ಲಿ ಒಂದು ವಿಷಯನೂ ಬಚ್ಚಿಡೋಕಾಗಲ್ಲ."

ಅವಳು ಹೇಳಿದ್ದು ನಿಜ. ಲಸಿಕೆಯ ಹನಿ ಕುಡಿದ ಕೂಸುಗಳು ಆಸ್ಪತ್ರೆ ಸೇರುವಂಥ ವಾಂತಿಭೇದಿಯಿಂದ ಎಷ್ಟರಮಟ್ಟಿಗೆ ಪಾರಾಗುತ್ತವೆ ಎಂಬುದು ಅವರ ಸಂಶೋಧನೆ. ಹನಿ ಹಾಕಿಸಿದ್ದೀರಾ ಎಂದು ತಾಯಂದಿರನ್ನು ಕೇಳುವುದು ಅವನ ಕೆಲಸ. ಮಗುವಿನ ಮಲದಲ್ಲಿ ಆ ಕಾಯಿಲೆಯ ವೈರಸ್ ಇದೆಯೇ ಎಂದು ನೋಡುವುದು ಅವಳದು. ಒಬ್ಬರ ಉತ್ತರ ಇನ್ನೊಬ್ಬರಿಗೆ ತಿಳಿಯಕೂಡದು. ಒಂದು ಊಹೆ ಸಾಕು, ಇಡೀ ಕೆಲಸಕ್ಕೆ ಹುಳಿ ಹಿಂಡಲು. ಈ ಮಹಾಶಯನೋ, ಹನಿ ತಪ್ಪಿಸಿಕೊಂಡ ಮಗು ಬಂದ ದಿನ ತನ್ನ ಮನೆಯಲ್ಲೇ ಏನೋ ಕೆಡುಕಾದವನಂತೆ ಮುಖ ಮಾಡಿಕೊಂಡು ಬಂದು ನಿಲ್ಲುತ್ತಿದ್ದ.

ಹೀಗೆ ಶುರುವಾಯಿತು ಬೆನ್ನಿನ ಪ್ರೇಮ.

ಅವನು ಗೋಡೆಗೆ ಮಾತಾಡುತ್ತಿದ್ದ. ಅವಳು ಡಬ್ಬಿ ತೆಗೆದುಕೊಳ್ಳುತ್ತ ಅವನ ಕುತ್ತಿಗೆಗೆ ಉತ್ತರ ಕೊಡುತ್ತಿದ್ದಳು. ಅವನ ಶರ್ಟಿನ ಕಾಲರು ಎಡಗಡೆ ಯಾವಾಗಲೂ ಮೇಲೆದ್ದಿರುತ್ತಿತ್ತು. ಅದನ್ನು ಸರಿಮಾಡಲು ಅವಳ ಬೆರಳು ತವಕಿಸುತ್ತಿತ್ತು. ಗ್ಲೌಸ್ ಹಾಕಿದ ಕೈ ಎಂದು ಸುಮ್ಮನಾಗುತ್ತಿದ್ದಳು.

"ನಮ್ಮಕ್ಕ ಇನ್ನೊಂದು ಹುಡುಗಿ ಫೋಟೋ ಕಳಿಸಿದಾಳೆ," ಎಂದ ಒಂದು ದಿನ.

"ಹೇಗಿದಾಳೆ?"

"ಅವಳಿಗೆ ನನ್ನ ಮುಖ ನೋಡೋಕೆ ಅಭ್ಯಂತರ ಇಲ್ವಂತೆ."

ಅವಳು ನಕ್ಕಳು. "ಅಕ್ಕನಿಗೆ ಏನಂದ್ರಿ?"

"ಈ ಸ್ಟಡಿ ಮುಗೀಲಿ ಅಂದೆ. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯುಸ್ಸು ಅಲ್ವಾ?"

ಒಂದು ಬೆಳಗ್ಗೆ ಅವನು ಬಂದಾಗ ಭುಜಗಳು ಜೋತುಬಿದ್ದಿದ್ದವು. ಈ ಮಗುವಿಗೆ ಹನಿ ಹಾಕಿಸಿಲ್ಲ ಎಂದು ಅವಳ ಮನಸ್ಸು ಕೇಳದೆಯೇ ಹೇಳಿಬಿಟ್ಟಿತು. ಮುಖ ಬಿಡಿ, ಈಗ ಬೆನ್ನೂ ಓದಲು ಬರುತ್ತಿದೆ. ಪ್ರೀತಿ ಎಂದರೆ ಇದೇ ಎಂದು ಅವಳಿಗೆ ಆಗಲೇ ತಿಳಿದದ್ದು. ಇದು ಸ್ಟಡಿಗೆ ಅಪಾಯ ಎಂದೂ ಆಗಲೇ ತಿಳಿಯಿತು.

ಆ ಸ್ಯಾಂಪಲನ್ನು ಪಕ್ಕದ ಟೇಬಲ್ಲಿನವಳಿಗೆ ಕೊಟ್ಟಳು. ನೇರವಾಗಿ ಸ್ಟಡಿ ನಡೆಸುತ್ತಿದ್ದ ಹಿರಿಯ ಡಾಕ್ಟರ ಬಳಿ ಹೋಗಿ, "ಇನ್ನು ಮೇಲೆ ಡಬ್ಬಿ ಆಯಾನೇ ತರಲಿ," ಎಂದಳು. ಕಾರಣವನ್ನೂ ಹೇಳಿದಳು. ಅವರು ಕನ್ನಡಕದ ಮೇಲಿಂದ ನೋಡಿ, "ಅಲ್ಲಮ್ಮ, ಬೆನ್ನು ನೋಡಿ ಇಷ್ಟೆಲ್ಲಾನಾ?" ಎಂದರು.

ಕಿಟಕಿಗೆ ಆಯಾ ಬರತೊಡಗಿದಳು. ಕೆಲವು ದಿನ ಕಳೆದ ಮೇಲೆ ಸುದ್ದಿಯೂ ಬಂತು: "ಡಾಕ್ಟ್ರು ಮಂಕಾಗಿದಾರೆ ಕಣವ್ವ. ನೀನು ಬೇಡ ಅಂದ್ಯಂತೆ. ಅಕ್ಕ ಹೇಳಿದ ಹುಡುಗಿಗೇ ಹೂಂ ಅಂತಾರಂತೆ."

ಅವಳು ಡಬ್ಬಿಯ ಮೇಲೆ ನಂಬರ್ ಬರೆದು ಮುಗಿಸಿದಳು. "ರಿಸಲ್ಟ್ ಬರೋವರೆಗೂ ಯಾರಿಗೂ ಹೂಂ ಅನ್ನಬೇಡಿ ಅಂತ ಹೇಳು. ನಾನು ಹೇಳಿದೆ ಅಂತಲೇ ಹೇಳು."

ಕೊನೆಗೆ ಎರಡೂ ಕಡೆಯ ಉತ್ತರ ಜೋಡಿಸಿದರು. ಹನಿ ಕುಡಿದ ಕೂಸುಗಳಲ್ಲಿ ಆ ವೈರಸ್ಸಿನಿಂದ ಆಸ್ಪತ್ರೆ ಸೇರಿದವು ಬಹಳ ಕಡಿಮೆ. ಯಾರು ಹೇಗೆ ಕೆದಕಿದರೂ ನಿಲ್ಲುವಂಥ ಫಲಿತಾಂಶ. ಮೀಟಿಂಗ್ ಹಾಲಿನಲ್ಲಿ ಚಪ್ಪಾಳೆ ಮುಗಿಯುವ ಮೊದಲೇ ಅವಳು ಎದ್ದು, ಇಷ್ಟು ದಿನ ಕಾಲಿಡದ ವಾರ್ಡಿಗೆ ನಡೆದಳು.

ರೌಂಡ್ಸ್ ಬಿಟ್ಟು ಬರಲಾಗದ ಅವನು ಒಂದು ತೊಟ್ಟಿಲಿನ ಬಳಿ ನಿಂತಿದ್ದ. ಅವಳನ್ನು ಕಂಡವನೇ ಅಭ್ಯಾಸಬಲದಿಂದ ಗೋಡೆಯತ್ತ ತಿರುಗಿದ. ಪಕ್ಕದಲ್ಲಿದ್ದ ತಾಯಿ ಸೆರಗಿನ ಮರೆಯಲ್ಲಿ ನಕ್ಕಳು.

"ಅಕ್ಕನಿಗೆ ಹೂಂ ಅಂದ್ರಾ?"

"ಇಲ್ಲ." ಗೋಡೆಗೇ ಹೇಳಿದ. "ನೀವು ಕಾಯಿರಿ ಅಂದ್ರಲ್ಲ. ಯಾಕೆ ಅಂತ ಗೊತ್ತಾಗ್ಲಿಲ್ಲ, ಆದ್ರೂ ಕಾದೆ."

"ನಿಮ್ಮ ಬೆನ್ನು ನೋಡಿದ್ರೂ ನಿಮ್ಮ ಮನಸ್ಸು ಗೊತ್ತಾಗ್ತಿತ್ತು. ಅದಕ್ಕೇ ಬರಬೇಡಿ ಅಂದೆ. ಇಷ್ಟವಿಲ್ಲದವರ ಬೆನ್ನನ್ನ ಯಾರು ಅಷ್ಟು ನೋಡ್ತಾರೆ?"

ಅವನು ತಿರುಗಲು ಹೊರಟ.

"ಸ್ವಲ್ಪ ಹಾಗೇ ಇರಿ," ಎಂದಳು.

ಹತ್ತಿರ ಬಂದು, ಗ್ಲೌಸ್ ಇಲ್ಲದ ಕೈಯಿಂದ ಅವನ ಕಾಲರಿನ ಎಡಗಡೆಯನ್ನು ನಿಧಾನವಾಗಿ ಮಡಚಿ ಒತ್ತಿದಳು.

"ಆಯ್ತು. ಈಗ ತಿರುಗಿ. ಅಕ್ಕನ ನಂಬರ್ ಕೊಡಿ, ನಾನೇ ಮಾತಾಡ್ತೀನಿ."