ಕೆಜಿಗೆ ಒಂದು ಬಟ್ಟಲು ಕೊಬ್ಬರಿ

ಸೂಗಮ್ಮ ಬಾಗಿಲು ಬಡಿದಾಗ ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆ. ಅವಳ ಕೈಗೆ ಜೋಳದ ಹಿಟ್ಟು ಮೆತ್ತಿಕೊಂಡಿತ್ತು. ರೊಟ್ಟಿ ಬಡಿಯುವುದನ್ನು ಅರ್ಧಕ್ಕೇ ಬಿಟ್ಟು ಓಡಿ ಬಂದಿದ್ದಳು.

"ವಿಶಾಲಾಕ್ಷಿ ಅಕ್ಕಾರು ಅದಾರೇನ್ರಿ?"

ವರ್ಷಾ ಅವಳನ್ನು ಒಳಗೆ ಕರೆದು ನೀರು ಕೊಟ್ಟಳು. ಸೂಗಮ್ಮ ಲೋಟ ಹಿಡಿದುಕೊಂಡಳೇ ಹೊರತು ಕುಡಿಯಲಿಲ್ಲ.

ವಿಶಾಲಾಕ್ಷಿ ಕುಷಾಯಿಗೂಡದ ದೊಡ್ಡ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ವಸ್ತುಗಳ ಅಸಲು ಬೆಲೆ ಲೆಕ್ಕ ಹಾಕಿ ನಿವೃತ್ತರಾದವರು. ಸ್ಟೋರಿನಿಂದ ಮಾಯವಾದ ತಾಮ್ರದ ತಂತಿಯಿಂದ ಹಿಡಿದು ಕಾಲೊನಿಯ ಗಣಪತಿ ಚಂದಾದವರೆಗೆ, ಏನು ತಾಳೆಯಾಗದಿದ್ದರೂ ಜನ ಅವರ ಮನೆಗೇ ಬರುತ್ತಿದ್ದರು. ವರ್ಷಾ ಮಹಡಿಯ ಬಾಡಿಗೆಯವಳು. ಅವರ ಕನ್ನಡಕ, ಚೀಲ ಮತ್ತು ಅನುಮಾನಗಳನ್ನು ಹೊತ್ತು ಹಿಂದೆ ಹೋಗುವುದು ಅವಳಿಗೆ ಅಭ್ಯಾಸವಾಗಿತ್ತು.

"ನಮ್ಮ ಮನಿಯವರನ್ನ ಕಳ್ಳ ಅನ್ನಾಕತ್ತಾರ್ರಿ," ಎಂದಳು ಸೂಗಮ್ಮ, ವಿಶಾಲಾಕ್ಷಿ ಹೊರಗೆ ಬಂದೊಡನೆ. "ಹೋದ ತಿಂಗಳು ನಲವತ್ತು ಕೆಜಿ ಮಟನ್ ಲೆಕ್ಕಕ್ಕ ಸಿಗವಲ್ದಂತ. ಇವತ್ತ ಸಂಜಿ ನಾಕರೊಳಗ ಕದ್ದೀನಂತ ಬರದು ಸಹಿ ಮಾಡಬೇಕು, ಇಲ್ಲಂದ್ರ ಪೊಲೀಸ್ರು. ಅವರು ಸಹಿ ಮಾಡೇಬಿಡ್ತಾರ್ರಿ ಅಕ್ಕಾರ. ಯಾವ ಕಾಗದ ಕೊಟ್ರೂ ಮಾಡ್ತಾರ."

"ಯಾಕ?" ಎಂದರು ವಿಶಾಲಾಕ್ಷಿ.

"ಲೆಕ್ಕ ಬರಂಗಿಲ್ಲ ಅನ್ನಾಕ ನಾಚಿಕಿ."

ವಿಶಾಲಾಕ್ಷಿ ಚಪ್ಪಲಿ ಮೆಟ್ಟಿದರು. "ವರ್ಷಾ, ನಡಿ."

ಸೂಗಮ್ಮನೂ ಅವಳ ಗಂಡನೂ ದುಡಿಯುತ್ತಿದ್ದ ಬಿಳಿಜೋಳ ಖಾನಾವಳಿ ಎರಡು ಬೀದಿಯಾಚೆಗಿತ್ತು. ಸೋಮವಾರ ಅಲ್ಲಿ ಮಾಂಸದಡುಗೆ ಇಲ್ಲ. ಆದರೂ ಅಡುಗೆಮನೆ ಅಷ್ಟು ಮೌನವಾಗಿದ್ದುದನ್ನು ವರ್ಷಾ ಹಿಂದೆಂದೂ ಕಂಡಿರಲಿಲ್ಲ. ಬೀದಿಯ ತುದಿಗೂ ಕೇಳಿಸುತ್ತಿದ್ದ ರೊಟ್ಟಿ ಬಡಿಯುವ ಸದ್ದು ನಿಂತಿತ್ತು.

ಮಾಲೀಕ ಶಿವಾನಂದ ಗಲ್ಲಾದ ಹಿಂದೆ ಕುದಿಯುತ್ತಿದ್ದರು. "ನಮ್ಮೂರವ ಅಂತ ರಾಯಚೂರಿಂದ ಈ ತೆಲುಗರ ಊರಿಗೆ ಕರ್ಕೊಂಡು ಬಂದೆ. ನನ್ನ ಅನ್ನಕ್ಕೇ ಕನ್ನ ಹಾಕಿದ. ನೂರು ರೂಪಾಯಿ ಊಟಕ್ಕ ಸಾಮಾನಿನ ಖರ್ಚು ಮೂವತ್ತಮೂರು ಇತ್ತು. ಈಗ ನಲವತ್ತೊಂದು! ಹೊಸ ಆಡಿಟರು ಕೇಳಿದ್ರ ನಾ ಏನ್ ಹೇಳ್ಲಿ?"

ಅವರ ಹೆಂಡತಿಯ ತಮ್ಮ ಮಹೇಶಕುಮಾರ ಅಲ್ಲಿನ ಮ್ಯಾನೇಜರು. ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. "ಪೊಲೀಸ್ ಯಾಕ್ರಿ ಭಾವ? ಬಡವ. ಒಂದು ಸಹಿ ಮಾಡಿ ಊರಿಗೆ ಹೋಗ್ಲಿ," ಎಂದ. ಅವನಾದರೂ ಕರುಣೆಯುಳ್ಳವನು ಎಂದುಕೊಂಡಳು ವರ್ಷಾ.

ಒಲೆಯ ಪಕ್ಕದ ಗೋಡೆಗೆ ಒಂದು ಪಟ್ಟಿ ಅಂಟಿಸಿತ್ತು: ಮಟನ್ ತಾಟು ಒಂದಕ್ಕೆ ಹಸಿ ಮಾಂಸ ನೂರೈವತ್ತು ಗ್ರಾಂ. ಮಾರಿದ ತಾಟುಗಳನ್ನು ಅದರಿಂದ ಗುಣಿಸಿ, ತಂದ ಮಾಂಸದಿಂದ ಕಳೆದರೆ ಉಳಿಯುವುದೇ ಆ ನಲವತ್ತು ಕೆಜಿ. ಲೆಕ್ಕ ಮಹೇಶಕುಮಾರನದು. ಅಡಿಗೆಯವರಿಗೆ ಖರ್ಚಿನ ಲೆಕ್ಕ ಹಾಕುವುದನ್ನು ಕಲಿಸಲು ತರಗತಿಯನ್ನೂ ಅವನೇ ಮಾಡಿದ್ದ. ಪಟ್ಟಿಯ ಹಾಳೆಯ ಕೆಳಗೆ ಮುಖ್ಯ ಅಡಿಗೆಯವ, ಸೂಗಮ್ಮನ ಗಂಡ ಮೌನಪ್ಪನ ಸಹಿ ಇತ್ತು.

ಮೌನಪ್ಪ ಮೂಲೆಯ ಮೆಣಸಿನಕಾಯಿ ಚೀಲದ ಮೇಲೆ ತಲೆ ತಗ್ಗಿಸಿ ಕುಳಿತಿದ್ದ. ಐವತ್ತರ ಮನುಷ್ಯ. ಮೊಣಕೈವರೆಗೆ ಎಣ್ಣೆ ಸಿಡಿದ ಕಲೆಗಳು.

"ಮೌನಪ್ಪ, ಈ ಹಾಳಿ ಓದಿದ್ಯೇನು?" ಎಂದು ಕೇಳಿದರು ವಿಶಾಲಾಕ್ಷಿ.

"ಕ್ಲಾಸಿನ್ಯಾಗ ಎಲ್ಲಾರೂ ತಲಿ ಆಡಿಸಿದ್ರು, ನಾನೂ ಆಡಿಸಿದೆ ಅಮ್ಮಾರ. ಪರ್ಸೆಂಟ್ ಅಂದ್ರ ನನಗ ಕಣ್ ಕತ್ಲಿ ಬರ್ತದ."

"ಅದು ಹೋಗ್ಲಿ. ಮಟನ್ನಿಗೆ ಮಸಾಲಿ ಹ್ಯಾಂಗ ಹಾಕ್ತಿ?"

ಅವನ ತಲೆ ಮೊದಲ ಸಲ ಮೇಲೆದ್ದಿತು. "ಕೆಜಿಗೆ ಒಂದು ಬಟ್ಟಲು ಕೊಬ್ಬರಿ. ಹುರದು ರುಬ್ಬೋದು. ಹೆಚ್ಚಾದ್ರ ಜಿಡ್ಡು, ಕಡಿಮಿ ಆದ್ರ ಸಾರು ನೀರು ಬಿಡ್ತದ."

"ತೂಕ ಯಾರು ಹೇಳ್ತಾರ?"

"ಟಬ್ಬು ಎತ್ತಿದ್ರ ಕೈ ಹೇಳ್ತದ್ರಿ."

ವಿಶಾಲಾಕ್ಷಿ ಮತ್ತೇನೂ ಕೇಳದೆ ಉಗ್ರಾಣದ ಕಡೆ ನಡೆದರು. ಅದನ್ನು ನೋಡಿಕೊಳ್ಳುವ ಪವನ ಅವರನ್ನು ಕಂಡು ಬೆವರಿದ. ಬಂದ ಸಾಮಾನನ್ನು ತೂಗಿ ಬರೆಯುವುದೂ, ಒಲೆಗೆ ಕೊಟ್ಟದ್ದನ್ನು ಬರೆಯುವುದೂ ಅವನ ಕೆಲಸ. ಎರಡು ವಹಿಗಳನ್ನೂ ವರ್ಷಾ ತೆರೆದು ಹಿಡಿದಳು.

ಬಂದ ಸಾಮಾನಿನ ವಹಿಯಲ್ಲಿ ಮಂಗಳವಾರದ ಸಾಲು ಹೀಗಿತ್ತು: ಟಬ್ಬು ಸಹಿತ ಹದಿನೈದು, ಟಬ್ಬು ಮೂರು, ಮಟನ್ ಹನ್ನೆರಡು. ಬುಧವಾರವೂ ಹಾಗೆಯೇ: ಹದಿನೇಳು, ಮೂರು, ಹದಿನಾಲ್ಕು. ಭಾನುವಾರದ ಸಾಲಿನಲ್ಲಿ ಮಾತ್ರ ಒಂದೇ ಅಂಕಿ: ಮಟನ್ ಮೂವತ್ತು. ನಾಲ್ಕು ಭಾನುವಾರವೂ ಅದೇ. ಕೆಳಗೆ ಪವನನ ಸಹಿ.

"ಇದರಾಗ ದಿನಾ ಎಷ್ಟು ಕೊಬ್ಬರಿ ಕೊಟ್ಟಾರ ಬರಕೋ," ಎಂದು ವಿಶಾಲಾಕ್ಷಿ ಎರಡನೆಯ ವಹಿಯನ್ನು ಅವಳಿಗೆ ಒಪ್ಪಿಸಿ ಹಿಂಬಾಗಿಲಿಗೆ ಹೋದರು. ಅಲ್ಲಿ ಒಂದು ಟಬ್ಬು, ಒಂದು ವಿದ್ಯುತ್ ತಕ್ಕಡಿ. ಒಂದು ಕೆಜಿ ಉಪ್ಪಿನ ಪೊಟ್ಟಣ ಇಟ್ಟು ನೋಡಿದರು. ತೂಕ ಸರಿಯಾಗಿತ್ತು. ತಕ್ಕಡಿಯ ಹಣೆಯ ಮೇಲೆ 'ಗರಿಷ್ಠ 30 ಕೆಜಿ' ಎಂಬ ತಗಡಿತ್ತು. ಅದನ್ನು ಸೆರಗಿನಿಂದ ಒರೆಸಿ ಮತ್ತೊಮ್ಮೆ ಓದಿದರು.

ವರ್ಷಾ ಕೊಬ್ಬರಿ ಬರೆದುಕೊಂಡು ವಹಿಯನ್ನು ಹಿಂದಿಡುವಾಗ ಅಕ್ಕಿ ಚೀಲದ ಸಂದಿಯಿಂದ ಒಂದು ಪುಸ್ತಕ ಜಾರಿತು. ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವಂಥದು. ಒಳಗೆ ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರಿನ ಚೀಟಿ: ಭಾನುವಾರ, ಬೆಳಿಗ್ಗೆ ಆರರಿಂದ ಒಂಬತ್ತು. ಸೇರಿ ಒಂದು ತಿಂಗಳಾಗಿತ್ತು.

"ಅಕ್ಕಾ, ಅದನ್ನ ಅಲ್ಲೇ ಇಡ್ರಿ," ಎಂದ ಪವನ. "ಮಾಲಕರಿಗೆ ತಿಳಿದ್ರ ನೌಕ್ರಿ ಹೋಗ್ತದ."

ವಿಶಾಲಾಕ್ಷಿ ಚೀಟಿ ನೋಡಿ ವರ್ಷಾಳ ಕಿವಿಯಲ್ಲಿ ಒಂದು ಕೆಲಸ ಹೇಳಿದರು.

ಖಾನಾವಳಿಗೆ ಮಾಂಸ ಕೊಡುತ್ತಿದ್ದ ಮಟನ್ ಅಂಗಡಿ ಬಸ್ ಡಿಪೋ ಹಿಂದೆ ಇತ್ತು. ವರ್ಷಾ ತನ್ನ ಹರಕು ತೆಲುಗಿನಲ್ಲಿ, ಖಾನಾವಳಿಯಿಂದ ಬಂದಿರುವುದಾಗಿಯೂ, ಮುಂದಿನ ಭಾನುವಾರಕ್ಕೆ ಎಂದಿನಷ್ಟೇ ಬೇಕೆಂದೂ ಹೇಳಿದಳು. ಕತ್ತಿ ಮಸೆಯುತ್ತಿದ್ದವನು ತಲೆಯೆತ್ತಲೂ ಇಲ್ಲ.

"ಇರವೈ ಕೇಜೀಲೇ ಕದಮ್ಮಾ?"

ಇಪ್ಪತ್ತೇ ತಾನೇ, ಎಂದು ಕೇಳಿದ್ದ. ಹೌದು ಎಂದು ಅವಳು ಬೇಗಬೇಗ ಹಿಂತಿರುಗಿದಳು. ಆಗ ಮೂರೂಕಾಲು.

ಮೂರೂವರೆಗೆ ಎಲ್ಲರೂ ಹಿಂಬಾಗಿಲ ಬಳಿ ಸೇರಿದರು. ಮೇಜಿನ ಮೇಲೆ ತಪ್ಪೊಪ್ಪಿಗೆಯ ಕಾಗದ, ಅದರ ಮೇಲೆ ಪೆನ್ನು. ಮೌನಪ್ಪನ ಕಣ್ಣು ಪೆನ್ನಿನ ಮೇಲೇ ಇತ್ತು.

"ಮೌನಪ್ಪ ಕೆಜಿಗೆ ಒಂದು ಬಟ್ಟಲು ಕೊಬ್ಬರಿ ಹಾಕ್ತಾನ," ಎಂದರು ವಿಶಾಲಾಕ್ಷಿ. "ವರ್ಷಾ, ಓದು."

"ಮಂಗಳವಾರ ಮಟನ್ ಹನ್ನೆರಡು, ಕೊಬ್ಬರಿ ಹನ್ನೆರಡು. ಬುಧವಾರ ಹದಿನಾಲ್ಕು, ಹದಿನಾಲ್ಕು. ಇಡೀ ತಿಂಗಳು ಹೀಗೇ. ಭಾನುವಾರ ಮಾತ್ರ ಮಟನ್ ಮೂವತ್ತು, ಕೊಬ್ಬರಿ ಇಪ್ಪತ್ತು. ನಾಲ್ಕು ಸಲ."

"ನಾಕು ಹತ್ತಲೆ ನಲವತ್ತು," ಎಂದರು ವಿಶಾಲಾಕ್ಷಿ. "ಕಳದದ್ದು ದಿನಾ ಅಲ್ಲ, ಭಾನುವಾರ ಅಷ್ಟೇ. ಒಲಿಗೆ ಬಂದದ್ದು ಇಪ್ಪತ್ತೇ."

ಮಹೇಶಕುಮಾರ ಮೆಲ್ಲಗೆ ನಕ್ಕ. "ಹತ್ತು ಕೆಜಿ ಮೊದಲೇ ಎತ್ತಿಟ್ಟು, ಉಳದದ್ದಕ್ಕ ಕೊಬ್ಬರಿ ಹಾಕಿರಬೇಕು ಅಮ್ಮಾರ. ಇದರಿಂದ ಅವನ ಕಳವು ಗಟ್ಟಿ ಆತು."

ಸೂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಶಿವಾನಂದ ಫೋನು ಕೈಗೆತ್ತಿಕೊಂಡರು.

"ಒಳ್ಳೆ ಪ್ರಶ್ನಿ," ಎಂದರು ವಿಶಾಲಾಕ್ಷಿ, ಶಾಂತವಾಗಿ. "ಹಂಗಾದ್ರ ಬಾಗಿಲಿಗೆ ಬಂದದ್ದು ಎಷ್ಟು, ಅದನ್ನ ನೋಡಬೇಕು. ಪವನ, ಭಾನುವಾರ ತೂಗಿದ್ದು ನೀನೇನು?"

ಪವನ ಮಾಲೀಕರತ್ತ, ಮಹೇಶಕುಮಾರನತ್ತ, ಕೊನೆಗೆ ಮೌನಪ್ಪನತ್ತ ನೋಡಿದ. "ಇಲ್ರಿ. ತಿಂಗಳಿಂದ ಭಾನುವಾರ ಕೋಚಿಂಗಿಗೆ ಹೋಗ್ತೀನಿ. ಹತ್ತಕ್ಕ ಬಂದು ಸಹಿ ಮಾಡಿ, ಕೊಬ್ಬರಿ ತೆಗದು ಕೊಡ್ತಿದ್ದೆ. 'ಹೋಗು, ನಾ ತೂಗಿ ಬರೀತೀನಿ, ಭಾವಗ ಹೇಳಂಗಿಲ್ಲ' ಅಂದಿದ್ರು ಮಹೇಶ ಸರ್."

"ಸಹಾಯ ಮಾಡಿದೆ. ತಪ್ಪೇನು?" ಎಂದ ಮಹೇಶಕುಮಾರ.

"ತಪ್ಪಿಲ್ಲಪ್ಪ. ನೀನ ಕಣ್ಣಾರೆ ನೋಡಿ ತೂಗಿದ್ಯೇನು? ಬಿಲ್ ನೋಡಿ ಬರದ್ಯೋ?"

"ತೂಗೇ ಬರದದ್ದು."

"ಒಂದ ಸಲಕ್ಕೋ, ಎರಡು ಸಲಕ್ಕೋ?"

"ಟಬ್ಬಿನ್ಯಾಗ ಹಾಕಿ ಒಂದ ಸಲಕ್ಕ. ಟಬ್ಬು ಕಳದು ಮೂವತ್ತು. ನಾಕೂ ಸಲ."

"ವರ್ಷಾ, ಐದು ಕೆಜಿ ಅಕ್ಕಿ ಪೊಟ್ಣ ಆರು ತಗೊಂಡು ಬಾ."

ಪವನ ಓಡಿ ಹೋಗಿ ನೆರವಾದ. ಖಾಲಿ ಟಬ್ಬು ತಕ್ಕಡಿ ಏರಿತು: ಮೂರು. ಒಂದು ಪೊಟ್ಟಣ: ಎಂಟು. ಹದಿಮೂರು. ಹದಿನೆಂಟು. ಇಪ್ಪತ್ತಮೂರು. ಇಪ್ಪತ್ತೆಂಟು. ಆರನೆಯದನ್ನು ಇಟ್ಟ ಕೂಡಲೇ ತಕ್ಕಡಿ ಕೀಚಲು ದನಿಯಲ್ಲಿ ಕೂಗಿ, ಕೆಂಪಂಕಿಗಳು ಅಳಿಸಿ ಬರೀ ಗೆರೆಗಳು ಉಳಿದವು.

"ಈ ತಕ್ಕಡಿ ಮೂವತ್ತರ ಮ್ಯಾಲೆ ತೂಗೋದೇ ಇಲ್ಲ," ಎಂದರು ವಿಶಾಲಾಕ್ಷಿ. "ಟಬ್ಬು ಸೇರಿದ್ರ ಮೂವತ್ತಮೂರು. ನೀ ನೋಡಿದಿ ಅನ್ನೋ ತೂಕ ಇದು ಯಾರಿಗೂ ತೋರಿಸಿಲ್ಲ. ಪವನ ಇದ್ದ ದಿನ ಟಬ್ಬಿನ ತೂಕ ವಹಿಯಾಗ ಐತಿ. ನಿನ್ನ ಭಾನುವಾರಕ್ಕ ಇಲ್ಲ. ಬಿಲ್ಲಿನ ಅಂಕಿ ಬರದಿ. ವರ್ಷಾ, ಅಂಗಡಿಯವ ಏನಂದ?"

"ಎಂದಿನಷ್ಟು ಅಂದಿದ್ದಕ್ಕೆ, ಇಪ್ಪತ್ತೇ ತಾನೇ ಅಂತ ಕೇಳಿದ."

"ಬಂದದ್ದು ಇಪ್ಪತ್ತು, ಬಿಲ್ಲು ಮೂವತ್ತರದು. ಆಡಿಟರು ಕೇಳಿದಾಗ ಒಬ್ಬ ಕಳ್ಳ ಬೇಕಾತು. ಪೊಲೀಸ್ರು ಬಂದ್ರ ಅಂಗಡಿಗೂ ಹೋಗ್ತಾರ. ಅದಕ್ಕ ಪೊಲೀಸ್ ಬ್ಯಾಡ, ಸಹಿ ಸಾಕು. ಓದದೇ ಸಹಿ ಮಾಡೋನು ಮನ್ಯಾಗೇ ಇದ್ದ."

ಮಹೇಶಕುಮಾರ ಭಾವನ ಮುಖ ನೋಡಿದ. "ಹತ್ತು ಕೆಜಿ ರೊಕ್ಕದಾಗ ಅರ್ಧ ಅಂಗಡಿಯವನಿಗೇ ಹೋಗ್ತಿತ್ತು," ಎಂದಷ್ಟೇ ಹೇಳಿದ, ಅದರಿಂದ ಪಾಪ ಅರ್ಧವಾಗುವಂತೆ.

"ಬೀಗದಕೈ ಇಲ್ಲಿಡು," ಎಂದರು ಶಿವಾನಂದ. "ಉಳದದ್ದು ನಿಮ್ಮಕ್ಕನ ಮುಂದ ಮಾತಾಡೋಣು."

ಅವನು ಹೋದ ಮೇಲೆ ಶಿವಾನಂದ ತಪ್ಪೊಪ್ಪಿಗೆಯನ್ನು ಹರಿದು ಒಲೆಗೆ ಹಾಕಿದರು. ಪವನನಿಗೆ, "ಕೋಚಿಂಗಿಗೆ ಹೇಳಿ ಹೋಗಪ್ಪ," ಎಂದರು. ಆಮೇಲೆ ಮೌನಪ್ಪನ ಮುಂದೆ ಬಂದು ನಿಂತರು. ತಿಂಗಳ ಲೆಕ್ಕವನ್ನು ಹೊಸ ಹಾಳೆಗೆ ನಕಲು ಮಾಡಿ ತಂದು, "ಹಳೇದು ಸುಳ್ಳು ಲೆಕ್ಕ. ಇದಕ್ಕೊಂದು ಸಹಿ ಮಾಡು ಮೌನಪ್ಪ, ನಾಳಿ ಆಡಿಟರಿಗೆ ಕಳಸ್ತೀನಿ," ಎಂದು ಪೆನ್ನು ಚಾಚಿದರು.

ಮೌನಪ್ಪ ಕೈ ಚಾಚಲಿಲ್ಲ.

"ತಡೀರಿ," ಎಂದ. "ವರ್ಷಾ ಅಕ್ಕಾರ, ಇದನ್ನ ಹ್ಯಾಂಗ ಓದೋದು?"

"ನೀವು ಕೊಬ್ಬರಿ ಅಳೆದ ಹಾಗೇ," ಎಂದಳು ವರ್ಷಾ. "ಕೆಜಿಗೆ ಒಂದು ಬಟ್ಟಲು. ಇಲ್ಲಿ ತಾಟಿಗೆ ನೂರೈವತ್ತು ಗ್ರಾಂ. ಇಪ್ಪತ್ತು ತಾಟಿಗೆ ಎಷ್ಟು?"

ಅವನು ಗೋಡೆ ನೋಡಿದ, ಬೆರಳು ಮಡಚಿದ. "ಹತ್ತಕ್ಕ ಒಂದೂವರೆ ಕೆಜಿ. ಇಪ್ಪತ್ತಕ್ಕ ಮೂರು." ತಲೆಯೆತ್ತಿ, "ಇಷ್ಟೇ ಏನು?"

"ಇಷ್ಟೇ," ಎಂದರು ವಿಶಾಲಾಕ್ಷಿ. "ಪರ್ಸೆಂಟ್ ಅಂದ್ರೂ ಇದೇ. ನೂರು ರೂಪಾಯಿಗೆ ಎಷ್ಟು ಬಟ್ಟಲು."

ಅವನು ಹಾಳೆಯ ಮೇಲೆ ಬೆರಳಿಟ್ಟು ಸಾಲಿನಿಂದ ಸಾಲಿಗೆ ಇಳಿದ. ಶಿವಾನಂದ ಪೆನ್ನು ಹಿಡಿದು ಕಾದರು. ಮೊದಲ ಭಾನುವಾರದ ಮೇಲೆ ಬೆರಳು ನಿಂತಿತು.

"ಮಾಲಕರ, ಇಲ್ಲಿ ಇನ್ನಾ ಮೂವತ್ತ ಐತಿ. ಇಪ್ಪತ್ತು ಮಾಡ್ರಿ."

ಶಿವಾನಂದ ತಿದ್ದಿದರು. ನಾಲ್ಕು ಕಡೆ. ಆಮೇಲೆ ಮೌನಪ್ಪ ಪೆನ್ನು ತೆಗೆದುಕೊಂಡ.

ಒಳಗೆ ಸೂಗಮ್ಮ ರೊಟ್ಟಿ ಬಡಿಯಲು ಕುಳಿತಿದ್ದಳು.