ಛತ್ರಿಯ ಕೆಳಗಿನ ಎರಡು ಕಾಲು

ದೇವರಾಣೆ, ಇದು ನಡೆದದ್ದು. ಒಂದಕ್ಷರ ಸುಳ್ಳಿದ್ದರೆ ಮುಂದಿನ ಹಬ್ಬದೂಟದಲ್ಲಿ ನನ್ನ ಪಾಲಿಗೆ ಹಂದಿಯ ಬಾಲ ಬರಲಿ, ಅದೂ ಅರೆಬೆಂದದ್ದು.

ಆಗಸ್ಟ್ ಹದಿನಾಲ್ಕು, ಗುರುವಾರ, ಸಂಜೆ 6.55. ಸಮೋವಾದ ಸವಾಯಿ ದ್ವೀಪದಲ್ಲಿ, ಪಡುವಣ ಕಡಲಿನ ಕಡೆಯ ಠಾಣೆಯ ಫೋನು ಬಾಯಿ ಬಡಿದುಕೊಂಡಿತು. ಇನ್‌ಸ್ಪೆಕ್ಟರ್ ಮತಾಲೆನಾ ಎತ್ತಿದಳು. ಆ ಕಡೆ ಸಾಲೆಮೋವಾ ಊರಿನ ದೊಡ್ಡ ಯಜಮಾನ ತುಯಿಫಾಗಾ ಅಳುತ್ತಿದ್ದ.

"ಕೈಸಾರನ್ನ ಕೊಂದ್‌ಬಿಟ್ರಮ್ಮಾ!"

ಮತಾಲೆನಾ ಕುರ್ಚಿಯಿಂದ ಎದ್ದು ನಿಂತಳು. ಸಮೋವಾದಲ್ಲಿ ಕೈಸಾರನನ್ನು ಅರಿಯದವರು ಯಾರು? ನಾಲ್ಕು ವರ್ಷದ ಹಂದಿ. ನಾಲ್ಕು ಜನ ಸುತ್ತ ನಿಂತು ತಬ್ಬಿದರೂ ಕೈಗೆ ಕೈ ಸಿಗದು. ಕೃಷಿ ಮೇಳಕ್ಕೆಂದು ರಾಜಧಾನಿಗೆ ಹೊರಟಾಗ ಹಡಗಿನಲ್ಲಿ ಅವನು ಮಗ್ಗುಲು ಬದಲಿಸಿದ. ಕಪ್ತಾನ ಧ್ವನಿವರ್ಧಕದಲ್ಲಿ ಕೂಗಿ ನಲವತ್ತು ಪ್ರಯಾಣಿಕರನ್ನು ಎದುರು ಬದಿಗೆ ಕೂರಿಸಬೇಕಾಯಿತು. ಟೀವಿಯಲ್ಲಿ ಬಂದಿದ್ದ, ಕ್ಯಾಲೆಂಡರಿನಲ್ಲಿ ಬಂದಿದ್ದ. ಊರಿನ ಹೊಸ ಚರ್ಚು ತೆರೆಯುವ ದಿನದ ಊಟಕ್ಕೆಂದು ಮೀಸಲಾಗಿದ್ದ.

ರಾತ್ರಿ ಊಟಕ್ಕೆ ಮುಂಚೆಯೇ ಎಫ್‌ಐಆರ್ ದಾಖಲಾಯಿತು. ಕಾನ್‌ಸ್ಟೇಬಲ್ ತಾವಿತಾ ‘ಮೃತರ ಹೆಸರು’ ಎಂಬಲ್ಲಿ ಕೈಸಾರ ಎಂದೂ, ‘ಉದ್ಯೋಗ’ ಎಂಬಲ್ಲಿ ತುಂಬಾ ಯೋಚಿಸಿ ‘ತಿನ್ನುವುದು’ ಎಂದೂ ಬರೆದ.

ಶುಕ್ರವಾರ ಬೆಳಗ್ಗೆ 7.20ಕ್ಕೆ ಇಬ್ಬರೂ ಪಂಚನಾಮೆಗೆ ಹೋದರು. ಹೆಣ ಇರಬೇಕಾದ ಹಲಸಿನ ಮರದಡಿ ಬರೀ ರಕ್ತದ ಕಲೆ. ಹಿತ್ತಿಲಿನಿಂದ ಘಮ್ಮೆಂದು ಹೊಗೆ ಬರುತ್ತಿತ್ತು.

"ಹೆಣ ಎಲ್ರೀ ಯಜಮಾನ್ರೇ?"

"ಕಾದ ಕಲ್ಲಿನ ಮೇಲಿದೆ. ಇನ್ನೊಂದ್ ಗಂಟೆ ಬೇಯ್ಬೇಕು."

"ಸಾಕ್ಷ್ಯವನ್ನ ಬೇಯಿಸ್ತಿದ್ದೀರಾ?"

"ಮತ್ತೇನು ಕೊಳೆಸೋದಾ ತಾಯಿ? ದುಃಖ ದುಃಖದ ಕಡೆ, ಮಾಂಸ ಮಾಂಸದ ಕಡೆ." ತುಯಿಫಾಗಾ ಕಣ್ಣೊರೆಸಿಕೊಂಡ. "ಪೊಲೀಸ್ರಿಗೂ ಒಂದು ತೊಡೆ ಎತ್ತಿಟ್ಟಿದ್ದೀವಿ."

ಮತಾಲೆನಾ ತಲೆಯನ್ನಾದರೂ ಜಪ್ತಿ ಮಾಡಿದಳು. ಎಡಗಿವಿಯ ಹಿಂದೆ ಒಂದೇ ತೂತು. ಕೆಸುವಿನ ಗಡ್ಡೆ ನೆಡಲು ಗುಳಿ ತೋಡುತ್ತಾರಲ್ಲ, ಆ ಚೂಪು ಕೋಲಿನದು. ಒಂದೇ ಏಟು. ಅಂಥ ಕೋಲು ಪ್ರತಿ ಮನೆಯಲ್ಲೂ ಇದೆ, ಪಾದ್ರಿಯ ಮನೆಯಲ್ಲೂ ಇದೆ.

"ಹೊತ್ತೆಷ್ಟಾಗಿತ್ತು?"

"ಸಾ ಹೊತ್ತು."

ಇಲ್ಲಿಯೇ ತನಿಖೆ ಕಚ್ಚಿಕೊಂಡು ನಿಂತಿತು. ಸಂಜೆ ಆರಕ್ಕೆ ಶಂಖ ಊದಿದರೆ ಸಾ. ಊರಿಗೆ ಊರೇ ಮನೆಯೊಳಗೆ ಸೇರಿ ಪ್ರಾರ್ಥನೆಗೆ ಕೂರಬೇಕು. ಇನ್ನೊಂದು ಶಂಖ ಊದುವ ತನಕ ದಾರಿಗೆ ಕಾಲಿಟ್ಟರೆ ದಂಡ. ಸಾಲೆಮೋವಾದ ಮನೆಗಳಿಗೆ ಗೋಡೆಯೇ ಇಲ್ಲ, ಕಂಬ ಮತ್ತು ಚಾವಣಿ ಅಷ್ಟೆ. ನಲವತ್ತೊಂದು ಮನೆಯೂ ದಾರಿಗೆ ಮುಖ ಮಾಡಿ ಕೂತಿವೆ. ಒಂದು ಕೋಳಿ ಕೆಮ್ಮಿದರೂ ಎಲ್ಲರಿಗೂ ಕಾಣಬೇಕು.

"ನೀವೇನು ನೋಡಿದ್ರಿ?" ಎಂದು ಮತಾಲೆನಾ ಮೊದಲ ಮನೆಯಲ್ಲಿ ಕೇಳಿದಳು.

"ಪ್ರಾರ್ಥನೆಲಿದ್ದೆ. ಕಣ್ಣು ಮುಚ್ಚಿದ್ದೆ."

"ಕಿರುಚಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು. ಹಾಡಿನ ಎರಡನೇ ಚರಣದಲ್ಲಿದ್ವಿ."

"ಆಗಲಾದ್ರೂ ಕಣ್ಣು ಬಿಡಬಾರದಾಗಿತ್ತಾ?"

"ಏನಮ್ಮಾ, ಒಂದು ಹಂದಿಗೋಸ್ಕರ ನರಕಕ್ಕೆ ಹೋಗ್ಲಾ?"

ನಲವತ್ತೊಂದು ಮನೆಯಲ್ಲೂ ಇದೇ ಮಾತು. ನೋಡಿದೆ ಎಂದರೆ ಪ್ರಾರ್ಥನೆಯಲ್ಲಿ ಕಣ್ಣು ಬಿಟ್ಟೆ ಎಂದು ಒಪ್ಪಿದಂತೆ. ತಾವಿತಾ ಹೇಳಿಕೆಗಳನ್ನು ಬರೆದು ಬರೆದು ಸುಸ್ತಾಗಿ, ಕಡೆಗೆ ‘ಮೇಲಿನಂತೆ’, ‘ಮೇಲಿನಂತೆ’ ಎಂದು ಗೀಚತೊಡಗಿದ.

ಆದರೆ ಒಬ್ಬಳು ಕಣ್ಣು ಬಿಟ್ಟಿದ್ದಳು. ಕಡಲ ದಂಡೆಯ ಗುಡಿಸಲಿನಲ್ಲಿ ಇಳಿದುಕೊಂಡಿದ್ದ ಒಬ್ಬ ಪರದೇಶದ ಹೆಂಗಸು. ಮುಳುಗುವ ಸೂರ್ಯನ ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕಿ, ಬೆಳಗಿನ ಹಡಗು ಹತ್ತಿ ಹೋಗಿಬಿಟ್ಟಿದ್ದಳು. ಹೊತ್ತು 6.12. ಫೋಟೋದ ಮೂಲೆಯಲ್ಲಿ ಒಂದು ದೊಡ್ಡ ಕರಿ ಗುಡ್ಡೆ, ಅದು ಕೈಸಾರ. ಗುಡ್ಡೆಯ ಪಕ್ಕ ಬೆಳಕಿಗೆ ಅಡ್ಡವಾಗಿ ಕಪ್ಪಗೆ ಒಂದು ಆಕೃತಿ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬಿಚ್ಚಿದ ಛತ್ರಿ. ಮುಖವಿಲ್ಲ. ಛತ್ರಿಯ ಕೆಳಗೆ ಬಿಲ್ಲಿನಂತೆ ಬಾಗಿದ ಎರಡು ಕಾಲು.

ಶುಕ್ರವಾರ ಮಧ್ಯಾಹ್ನದೊಳಗೆ ಆ ಎರಡು ಕಾಲುಗಳ ಬಗ್ಗೆ ಮಾತಾಡದ ಬಾಯಿ ಇರಲಿಲ್ಲ. ಆಕ್ಲೆಂಡಿನಿಂದ, ಸಿಡ್ನಿಯಿಂದ, ಹವಾಯಿಯಿಂದ ಠಾಣೆಗೆ ಫೋನು. ರೇಡಿಯೋದವರು ಹಾಡು ನಿಲ್ಲಿಸಿ ಕಾಲಿನ ಚರ್ಚೆ ಇಟ್ಟರು. ದೆವ್ವ ಅಂದರು, ದೆವ್ವಕ್ಕೆ ಛತ್ರಿ ಯಾಕೆ ಅಂದರು, ಪಕ್ಕದೂರಿನ ಹೊಟ್ಟೆಕಿಚ್ಚು ಅಂದರು. ಬಿಸಿಲಿಲ್ಲದ ಮಳೆಯಿಲ್ಲದ ಹೊತ್ತಲ್ಲಿ ಛತ್ರಿ ಬಿಚ್ಚಿದ್ದು ಮೇಲಿಂದ ದೇವರು ನೋಡದಿರಲಿ ಅಂತಲೇ ಎಂದು ಒಬ್ಬ ಧರ್ಮಬೋಧಕ ಅರ್ಧ ಗಂಟೆ ಬೋಧಿಸಿದ.

ಆಕ್ಲೆಂಡಿನಿಂದ ಮತಾಲೆನಾಳ ಸೋದರತ್ತೆಯೇ ಕರೆದಳು. "ಮಗಳೇ, ಆ ಕಾಲು ನಂಗೊತ್ತು."

"ಯಾರದತ್ತೆ?"

"ಮೂವತ್ತು ವರ್ಷದ ಹಿಂದೆ ನನ್ನ ಹೆಣ್ಣು ಕೇಳೋಕೆ ಬಂದಿದ್ನಲ್ಲ, ಅವಂದು."

"ಅವರು ಸತ್ತು ಹನ್ನೆರಡು ವರ್ಷ ಆಯ್ತಲ್ಲತ್ತೆ!"

"ಕಾಲು ಮಾತ್ರ ಅವಂದೇ. ಬರ್ಕೋ."

ತಾವಿತಾ ಬರೆದುಕೊಂಡ. ಅದು ಇನ್ನೂರ ಹದಿನಾಲ್ಕನೆಯ ಊಹೆ.

ಸಂಜೆಯ ಹೊತ್ತಿಗೆ ಊಹೆಗಳೆಲ್ಲ ಹೊಳೆ ಸೇರಿದ ಹಾಗೆ ಒಂದೇ ಹೆಸರಿಗೆ ಸೇರಿದವು. ಓಪಾಪೋ. ಬಸ್ಸು ನಿಲ್ಲುವಲ್ಲಿ ಕೋಕೋ ಕಾಯಿಸಿ ಮಾರುವವನು. ಕಾಲು ಸೊಟ್ಟ. ಕರಿ ಛತ್ರಿಯ ಕೆಳಗೆ ಕೂತೇ ವ್ಯಾಪಾರ. ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ಅವನು ಹೆಂಡತಿಯ ಊರಿಗೆ ಬಂದು ನೆಲೆಸಿದ ಮನೆಯಳಿಯ. ಸಾಲೆಮೋವಾದಲ್ಲಿ ಮನೆಯಳಿಯನೆಂದರೆ ಎಲ್ಲರ ಹೊರೆ ಹೊರುವವನು. ಈಗ ಕೊಲೆಯನ್ನೂ ಹೊರಲಿ ಎಂದರು.

ಶನಿವಾರ ಬೆಳಗ್ಗೆ ಊರ ಸಭೆಯಿಂದ ಮಾತು ಬಂತು. ಸೋಮವಾರ ಎಂಟು ಗಂಟೆಗೆ ತೀರ್ಮಾನ. ಓಪಾಪೋ, ಅವನ ಹೆಂಡತಿ, ನಾಲ್ಕು ಮಕ್ಕಳು, ಎಲ್ಲರೂ ಊರು ಬಿಡಬೇಕು. ಊರ ಸಭೆ ಹಾಗೆಂದ ಮೇಲೆ ಮನೆಯೂ ಇಲ್ಲ, ತೋಟವೂ ಇಲ್ಲ.

ಮತಾಲೆನಾ ಓಡಿದಳು. ಓಪಾಪೋ ಮನೆಯಂಗಳದಲ್ಲಿ ಹಂಡೆಯ ಮುಂದೆ ಕೂತು ಯಾರೂ ಕೊಳ್ಳದ ಕೋಕೋ ಕಲಕುತ್ತಿದ್ದ.

"ಗುರುವಾರ ಸಂಜೆ ಎಲ್ಲಿದ್ದೆ?"

"ಮನೆಲೇ, ಪ್ರಾರ್ಥನೆಲಿ."

"ಸಾಕ್ಷಿ?"

ಹೆಂಡತಿ ಫೆತೂ ಚಾಪೆ ಸುತ್ತುತ್ತಿದ್ದವಳು ತಲೆಯೆತ್ತಿದಳು.

"ಫೆತೂ, ನಿನ್ನ ಗಂಡ ಪಕ್ಕದಲ್ಲೇ ಇದ್ನಾ?"

"ಇರ್ಬೇಕು ಮೇಡಂ."

"ಇರ್ಬೇಕು ಅಂದ್ರೆ? ನೋಡಿದ್ಯಾ ಇಲ್ವಾ?"

"ಕಣ್ಣು ಮುಚ್ಚಿದ್ದೆ."

ಓಪಾಪೋ ಹಣೆ ಚಚ್ಚಿಕೊಂಡ. "ಅಯ್ಯೋ ಪುಣ್ಯಾತ್‌ಗಿತ್ತಿ, ಒಂದೇ ಒಂದ್ಸಲ ಕಣ್ಣು ಬಿಟ್ಟಿದ್ದೆ ಅನ್ನು!"

"ದೇವರ ಮುಂದೆ ಸುಳ್ಳು ಹೇಳ್ಲಾ? ಹದಿನೈದು ವರ್ಷದಿಂದ ಪ್ರಾರ್ಥನೆಲಿ ಕಣ್ಣು ಬಿಟ್ಟವಳಲ್ಲ."

"ಹೋಗ್ಲಿ, ಅವನು ಹಾಡಿದ್ದಾದ್ರೂ ಕೇಳಿಸ್ತಾ?" ಎಂದಳು ಮತಾಲೆನಾ.

"ಇವರು ಹಾಡಿದ್ರೆ ನಾಯಿ ಊಳಿಡುತ್ತೆ ಮೇಡಂ. ಮದ್ವೆಯಾದ ವರ್ಷವೇ ನಾನು ಬಾಯಿ ಮುಚ್ಸಿದ್ದೀನಿ." ಹೇಳಿದವಳೇ ಸುತ್ತಿದ ಚಾಪೆಯ ಮೇಲೆ ಕೂತು ಅತ್ತುಬಿಟ್ಟಳು. "ಎಲ್ಲಿಗೆ ಹೋಗೋದು ಮೇಡಂ? ದೊಡ್ಡವಳಿಗೆ ನವೆಂಬರಿನಲ್ಲಿ ಪರೀಕ್ಷೆ."

ಭಾನುವಾರ ಸಂಜೆ ಮತಾಲೆನಾ ಬೇರೆ ದಾರಿ ಕಾಣದೆ ಕೊಲೆಯ ಜಾಗದಲ್ಲೇ, ಕೊಲೆಯ ಹೊತ್ತಿನಲ್ಲೇ ನಿಂತು ನೋಡುವುದೆಂದು ತೀರ್ಮಾನಿಸಿದಳು. ಪೊಲೀಸರಿಗೆ ಸಾ ಹೊತ್ತಲ್ಲಿ ದಾರಿಗಿಳಿಯಲು ತುಯಿಫಾಗಾ ಕಷ್ಟಪಟ್ಟು ಅಪ್ಪಣೆ ಕೊಟ್ಟ. ತಾವಿತಾ ಫೋನು ಹಿಡಿದು ಕಡಲ ದಂಡೆಯ ಗುಡಿಸಲ ಹತ್ತಿರ ಹೋದ. ಶಂಖ ಊದಿತು. ಊರು ಒಳಸೇರಿತು. ಹಾಡು ಎದ್ದಿತು.

6.10ಕ್ಕೆ ಸೂರ್ಯ ನೇರ ಎದುರಿಗೆ ಬಂದು ಮತಾಲೆನಾಳ ಕಣ್ಣಿಗೆ ಭರ್ಜಿ ಚುಚ್ಚಿದ. ಕಡಲಿನಿಂದೊಂದು ಸೂರ್ಯ, ಆಕಾಶದಿಂದೊಂದು ಸೂರ್ಯ. ಅವಳು ಕೈ ಅಡ್ಡ ಹಿಡಿದು ತತ್ತರಿಸುತ್ತಿದ್ದಾಗ ಹಲಸಿನ ಮರದ ಹಿಂದಿನಿಂದ ಒಂದು ಕೈ ಬಂತು. ಕೈಯಲ್ಲಿ ಬಿಚ್ಚಿದ ಕರಿ ಛತ್ರಿ.

"ತಗೊಳ್ಳಿ ಮೇಡಂ. ಈ ಜಾಗದಲ್ಲಿ ಛತ್ರಿ ಇಲ್ದೆ ನಿಲ್ಲೋಕಾಗಲ್ಲ."

ಹಿಡಿದಿದ್ದವನು ಕಾವಲಿನವನು.

ಸಾ ಹೊತ್ತಲ್ಲಿ ಯಾರೂ ದಾರಿಗಿಳಿಯದಂತೆ ನೋಡಿಕೊಳ್ಳಲು ಊರಿನಲ್ಲಿ ಯಜಮಾನ ಪದವಿ ಸಿಗದ ಗಂಡಸರು ಆ ಗುಳಿ ತೋಡುವ ಕೋಲನ್ನೇ ಹಿಡಿದು ಎಂಟು ಕಡೆ ನಿಲ್ಲುತ್ತಾರೆ. ಅಜ್ಜನ ಕಾಲದಿಂದ ನಿಲ್ಲುತ್ತಿದ್ದಾರೆ. ಅವರು ಯಾರ ಕಣ್ಣಿಗೂ ಬೀಳುವುದಿಲ್ಲ, ಲೈಟುಕಂಬದ ಹಾಗೆ.

"ಈ ಛತ್ರಿ ಯಾರದಪ್ಪಾ?"

"ಊರ ಸಭೆದೇ. ಐದನೇ ಕಾವಲಿಗೆ ಅಂತ ಕೊಟ್ಟಿರೋದು."

"ಈಗ ದಾರಿಲಿ ಯಾರಿದಾರೆ?"

"ಯಾರೂ ಇಲ್ವಲ್ಲ ಮೇಡಂ."

"ನೀನಿದ್ದೀಯಲ್ಲ."

ಅವನು ತನ್ನನ್ನು ತಾನು ಒಮ್ಮೆ ನೋಡಿಕೊಂಡ. "ನಾನು ಕಾವಲಿನವನು. ನಾನು ಲೆಕ್ಕಕ್ಕಿಲ್ಲ."

ಮತಾಲೆನಾ ಪುಸ್ತಕ ತೆಗೆದಳು. "ಗುರುವಾರ ಈ ಜಾಗದಲ್ಲಿ ನಿಂತಿದ್ದೋರು ಯಾರು?"

ಅವನು ಹೆಸರು ಹೇಳಿದ. ಅವಳು ಬರೆದುಕೊಂಡಳು. ತಾವಿತಾ ಓಡಿ ಬಂದು ತಾನು ತೆಗೆದ ಫೋಟೋ ತೋರಿಸಿದ. ನೋಡಿದವಳೇ ಇನ್‌ಸ್ಪೆಕ್ಟರು ಹೊಟ್ಟೆ ಹಿಡಿದು ನಕ್ಕಳು.

ಸೋಮವಾರ ಎಂಟು ಗಂಟೆ. ಸಭೆಯ ಮನೆಯಲ್ಲಿ ಯಜಮಾನರೆಲ್ಲ ಒಬ್ಬೊಬ್ಬರು ಒಂದೊಂದು ಕಂಬಕ್ಕೊರಗಿ ಕೂತಿದ್ದರು. ಹೊರಗೆ ಹುಲ್ಲಿನ ಮೇಲೆ ಓಪಾಪೋ, ಫೆತೂ, ನಾಲ್ಕು ಮಕ್ಕಳು, ಕೋಕೋ ಹಂಡೆ. ಮತಾಲೆನಾ ಚಾಪೆಯ ಅಂಚಿನಲ್ಲಿ ಕೂತು, ತಲೆಬಾಗಿ ವಂದಿಸಿ, ಫೋನನ್ನು ತುಯಿಫಾಗಾನ ಮುಂದಿಟ್ಟಳು.

"ಯಜಮಾನ್ರೇ, ಹೊಸ ಫೋಟೋ ಸಿಕ್ಕಿದೆ. ಯಾರಿದು?"

ತುಯಿಫಾಗಾ ಕನ್ನಡಕ ಏರಿಸಿದ. "ಇನ್ನೇನು ಕೇಳ್ತೀಯಮ್ಮಾ! ಓಪಾಪೋ. ಅದೇ ಛತ್ರಿ, ಅದೇ ಸೊಟ್ಟಗಾಲು."

ಫೋನು ಕಂಬದಿಂದ ಕಂಬಕ್ಕೆ ಸಾಗಿತು. "ಓಪಾಪೋನೇ." "ಸಂಶಯವೇ ಇಲ್ಲ." "ನಿಲ್ಲೋ ಭಂಗಿಲೇ ಕಳ್ಳತನ ಇದೆ ನೋಡಿ." ಹಿರಿಯ ಮಾತುಗಾರ ಯಜಮಾನನಂತೂ, "ಇಂಥ ಕಾಲು ನೋಡಿದ್ಮೇಲೆ ನಮ್ಮೂರ ಹುಡುಗಿ ಕೊಟ್ಟದ್ದೇ ತಪ್ಪು" ಎಂದ.

"ಇದು ನಾನು," ಎಂದಳು ಮತಾಲೆನಾ. "ನಿನ್ನೆ ಸಂಜೆ ತೆಗೆದದ್ದು. ಕಡಲಿನ ಬೆಳಕಿಗೆ ಅಲ್ಲಿ ಎಲ್ಲರ ಕಾಲೂ ಸೊಟ್ಟ ಕಾಣುತ್ತೆ. ನನ್ನ ಕಾಲಿನ ಬಗ್ಗೆ ಆಡಿದ ಮಾತನ್ನ ಆಮೇಲೆ ವಿಚಾರಿಸ್ಕೋತೀನಿ."

ಹೊರಗೆ ಓಪಾಪೋ ಮೊದಲ ಸಲ ತನ್ನ ಕಾಲುಗಳನ್ನು ಪ್ರೀತಿಯಿಂದ ನೋಡಿಕೊಂಡ.

ಅವಳು ಹೊರಗೆ ಸಾಲಾಗಿ ಕೂತಿದ್ದ ಕಾವಲಿನವರ ಕಡೆ ತಿರುಗಿದಳು. "ಸೆಫಾನಾಯಾ ಅಣ್ಣಾ, ಗುರುವಾರ ಐದನೇ ಕಾವಲು ನಿಂದಲ್ವಾ?"

ಐವತ್ತೆರಡು ವರ್ಷದ, ಇನ್ನೂ ಪದವಿ ಸಿಗದ ಸೆಫಾನಾಯಾ ಎದ್ದು ನಿಂತ. ಊರಿನ ಯಾವ ಕೆಲಸಕ್ಕೂ ಇಲ್ಲವೆಂದವನಲ್ಲ. ಮೂರು ರಾತ್ರಿಯಿಂದ ನಿದ್ದೆಗೆಟ್ಟ ಕಣ್ಣು.

"ಹೌದಮ್ಮಾ."

"ಆ ದಾರೀಲಿ ಯಾರು ಹೋದ್ರು?"

"ಯಾರೂ ಹೋಗ್ಲಿಲ್ಲ."

"ಹಾಗಾದ್ರೆ ಫೋಟೋದಲ್ಲಿರೋದು?"

ಅವನು ಓಪಾಪೋನ ಮಕ್ಕಳ ಕಡೆ ನೋಡಿದ. ಕಿರಿಯವಳು ಚಾಪೆಯ ಸುರುಳಿಗೆ ಒರಗಿ ನಿದ್ದೆ ಹೋಗಿದ್ದಳು.

"ನಾನೇ. ಈವತ್ತು ಹೇಳ್ಬೇಕಂತಲೇ ಸ್ನಾನ ಮಾಡಿ ಬಂದಿದ್ದೀನಿ. ನೀವು ಮೊದಲು ಕೇಳಿದ್ರಿ."

"ಯಾಕಣ್ಣಾ?"

ಸೆಫಾನಾಯಾ ಕಾಲಬೆರಳಿನಲ್ಲಿ ಹುಲ್ಲು ಕೆದಕಿದ. "ನಮ್ಮನೆಯವಳು ಮನೆ ಮುಂದೇನೇ ಮಲಗಿದಾಳೆ, ಎಲ್ಲರ ಮನೆಯವರೂ ಮಲಗೋ ಹಾಗೆ. ಸಿಮೆಂಟು ಹಾಕ್ಸೋಕಾಗ್ಲಿಲ್ಲ, ಬರೀ ಕಲ್ಲು ಜೋಡ್ಸಿದ್ದೆ. ಕೈಸಾರ ಮೂರು ಸಲ ಬಂದು ಗೋರಿ ಕೆದಕಿದ. ಮೂರು ಸಲನೂ ಯಜಮಾನ್ರಿಗೆ ಹೇಳ್ದೆ. ಹೆಸರುವಾಸಿ ಹಂದಿ, ಕಟ್ಟಿಹಾಕಿದ್ರೆ ಸೊರಗುತ್ತೆ, ಚರ್ಚಿನ ಊಟದ ತನಕ ತಡ್ಕೋ ಅಂದ್ರು. ಗುರುವಾರ ನನ್ನೆದುರಿಗೇ ಆ ಕಡೆ ನಡೀತಾ ಇದ್ದ. ಬದುಕಿದ್ದಾಗ ಅವಳಿಗೆ ಹಂದಿ ಕಂಡ್ರೆ ಹೆದರಿಕೆ ಕಣಮ್ಮಾ. ಈಗ ಎದ್ದು ಓಡೋಕೂ ಆಗಲ್ಲ."

ತುಯಿಫಾಗಾ ಕಂಬಕ್ಕೆ ಮುಖ ತಿರುಗಿಸಿ ಕೂತ.

ಬೆಳಗ್ಗೆ 8.50ಕ್ಕೆ ಬಂಧನದ ಮೆಮೋ ಬರೆಯಲಾಯಿತು. ಕೋಳ ಹಾಕಲಿಲ್ಲ. ಜೀಪು ಸೆಫಾನಾಯಾನ ಮನೆಯ ಮುಂದೆ ಐದು ನಿಮಿಷ ನಿಂತಿತು. ತಾವಿತಾ ಇಳಿದು ಅವನ ಜೊತೆ ಸೇರಿ ಚದುರಿದ್ದ ಕಲ್ಲುಗಳನ್ನು ಮತ್ತೆ ಜೋಡಿಸಿದ. ಡೈರಿಯಲ್ಲಿ ಅದನ್ನು ‘ಸ್ಥಳ ಪರಿಶೀಲನೆ’ ಎಂದು ನಮೂದಿಸಿದ.

ಇನ್ನು ಓಪಾಪೋ. ತಪ್ಪು ಮಾಡಿದವರು ನೊಂದವರ ಮನೆ ಮುಂದೆ ತಲೆಯ ಮೇಲೆ ನಯವಾದ ಚಾಪೆ ಹೊದ್ದು, ಒಳಗೆ ಕರೆಯುವ ತನಕ ಬಗ್ಗಿ ಕೂರುವುದು ನಮ್ಮ ಕಡೆಯ ಪದ್ಧತಿ. ಮಂಗಳವಾರ ಬೆಳಗ್ಗೆ ಸಾಲೆಮೋವಾದ ಹದಿನೇಳು ಯಜಮಾನರೂ, ತುಯಿಫಾಗಾನೇ ಮುಂದಾಗಿ, ಮನೆಯಳಿಯನ ಅಂಗಳದಲ್ಲಿ ಚಾಪೆ ಹೊದ್ದು ಸಾಲಾಗಿ ಕೂತರು. ಫೆತೂ ಗಡಬಡಿಸಿದಳು.

"ರೀ, ಒಳಗೆ ಕರೀರೀ! ಬಿಸಿಲೇರ್ತಿದೆ."

"ತಡ್ಕೊಳೇ," ಎಂದ ಓಪಾಪೋ, ಹಂಡೆ ಕಲಕುತ್ತಾ. "ಕೋಕೋ ಇನ್ನೂ ಕುದ್ದಿಲ್ಲ."

ಕೋಕೋ ಕುದಿಯಲು ಅಂದು ಎರಡೂವರೆ ಗಂಟೆ ಹಿಡಿಯಿತಂತೆ. ಆಮೇಲೆ ಕರೆದ, ಎಲ್ಲರಿಗೂ ಒಂದೊಂದು ಬಟ್ಟಲು ಕೊಟ್ಟ. ಆಕ್ಲೆಂಡಿನವರು, ಸಿಡ್ನಿಯವರು, ರೇಡಿಯೋದವರು ಮಾತ್ರ ಇನ್ನೂ ಬಂದು ಕೂತಿಲ್ಲ.

ಅಂದಹಾಗೆ, ಸೊಟ್ಟಗಾಲು, ಕರಿ ಛತ್ರಿ, ಮನೆಯಳಿಯ ಎಂದು ನಾನು ಹೇಳಿದಾಗ ನಿಮ್ಮ ತಲೆ ಒಂದಿಷ್ಟು ಅಲ್ಲಾಡಿದ್ದನ್ನು ನಾನು ಕಣ್ಣಾರೆ ಕಂಡೆ. ಇಲ್ಲ ಅನ್ನಬೇಡಿ. ಓಪಾಪೋನ ಅಂಗಳದಲ್ಲಿ ಜಾಗ ಬೇಕಾದಷ್ಟಿದೆ. ಏಳಿ, ಒಳಗಿಂದ ಒಂದು ಚಾಪೆ ತನ್ನಿ. ಒಳ್ಳೆಯದೇ ತನ್ನಿ, ಹರಕಲು ನಡೆಯೋದಿಲ್ಲ.