ಎರಡನೆಯ ಕನ್ನಡಿ

ಗಂಡನ ಅಂತ್ಯಕ್ರಿಯೆಗೆ ಬಂದಿದ್ದ ಕೊನೆಯ ನೆಂಟರೂ ಹಿಂದಿನ ಸಂಜೆ ಹೊರಟುಹೋಗಿದ್ದರು. ಬೆಳಗ್ಗೆ ಎಂದಿನಂತೆ ಹಾಲು ಬಂತು, ಪೇಪರ್ ಬಂತು, ಮೇಲಿನ ಮನೆಯ ನಲ್ಲಿ ಕಿರುಗುಟ್ಟಿತು.

ಅವಳು ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಮನೆಯೆಲ್ಲ ತಿರುಗಿದಳು. ಫ್ರಿಜ್ ತೆರೆದಳು, ಮುಚ್ಚಿದಳು. ಕಪಾಟಿನ ಮುಂದೆ ನಿಂತು, ಯಾಕೆ ನಿಂತೆನೆಂಬುದನ್ನು ಮರೆತು ಬಾಲ್ಕನಿಗೆ ಹೋದಳು.

"ಒಂದು ಕಡೆ ಕೂತ್ಕೊಳ್ಳೇ," ಎಂದರು ಅತ್ತೆ. "ನಿನ್ನ ನೋಡಿ ನೋಡಿ ನನಗೆ ತಲೆ ತಿರುಗ್ತಿದೆ."

ಕೂತಳು. ಫೋನ್ ಬಂತು. ಎದ್ದಳು.

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಸುದ್ದಿ ತಿಳಿಯಿತು ಎಂದರು, ತಡವರಿಸಿದರು, ಆಮೇಲೆ ಹೇಳಿದರು: "ಆ ಕನ್ನಡಿ ನಿಮ್ಮ ಯಜಮಾನರು ತಗೊಂಡು ಹೋಗಿದ್ರಲ್ಲ. ಈಗ್ಲೇ ಬೇಕು ಅಂತಿಲ್ಲಮ್ಮ. ನನ್ನ ಹತ್ರ ಇದ್ದದ್ದು ಒಡೆದುಹೋಯ್ತು, ಅದಕ್ಕೆ."

"ರಸ್ತೆಯಲ್ಲಿ ಕೈ ಕುದುರೋಕೆ ಎಷ್ಟು ಗಂಟೆ ಬೇಕು ಅಂದಿದ್ರಿ ಸರ್?"

"ನಲವತ್ತು. ಯಾಕಮ್ಮ?"

"ಇಪ್ಪತ್ತಾರು ಆಗಿದೆ. ಮಿಕ್ಕಿದ್ದು ಮುಗಿಸಿ ತಂದುಕೊಡ್ತೀನಿ."

ಫೋನಿಟ್ಟ ಮೇಲೆ, ಹಾಗೇಕೆ ಹೇಳಿದೆನೆಂದು ಅವಳಿಗೇ ತಿಳಿಯಲಿಲ್ಲ.

ಅವಳಿಗೆ ಲೈಸೆನ್ಸ್ ಸಿಕ್ಕು ಎರಡು ವರ್ಷವಾಗಿತ್ತು. ಓಡಿಸಲು ಮಾತ್ರ ಬರುತ್ತಿರಲಿಲ್ಲ. ಖಾಲಿ ಮೈದಾನದಲ್ಲಿ ಎಂಟು ಹಾಕಿ ಪಾಸಾದವಳು, ರಸ್ತೆಯಲ್ಲಿ ಲಾರಿ ಎದುರಾದರೆ ಉಸಿರಾಡುವುದನ್ನೇ ಮರೆಯುತ್ತಿದ್ದಳು. "ಎಂ.ಎ.ಗೆ ಪದಕ, ಸೆಕೆಂಡ್ ಗೇರಿಗೆ ನಡುಕ," ಎಂದು ಗಂಡ ರೇಗಿಸುತ್ತಿದ್ದ. ಕೊನೆಗೆ ಅವನೇ ಹೋಗಿ ಮೇಷ್ಟ್ರಿಂದ ಎರಡನೆಯ ಕನ್ನಡಿಯನ್ನು ಕೇಳಿ ತಂದ. ಕಲಿಸುವವರು ತಮ್ಮ ಸೀಟಿನ ಎದುರಿನ ಗಾಜಿಗೆ ಅಂಟಿಸಿಕೊಳ್ಳುವಂಥದ್ದು.

"ನೀನು ಮುಂದೆ ನೋಡು. ಹಿಂದೆ ಬರೋರನ್ನ ಸದ್ಯಕ್ಕೆ ನಾನು ನೋಡ್ಕೋತೀನಿ."

ಇಪ್ಪತ್ತಾರು ಗಂಟೆ ಹಾಗೇ ಕಳೆದವು.

"ಸ್ಟೀರಿಂಗ್ ಅಷ್ಟು ಬಿಗಿಯಾಗಿ ಹಿಡೀಬೇಡ. ಅದೆಲ್ಲಿಗೂ ಓಡಿಹೋಗಲ್ಲ."

"ನೀನು ಓಡಿಹೋಗ್ತೀಯಾ?"

"ಡೋರ್ ಲಾಕ್ ಮಾಡಿದೀಯಲ್ಲ, ಎಲ್ಲಿಗೆ ಹೋಗ್ಲಿ?"

ಕೆಲವೊಮ್ಮೆ ಕೆನ್ನೆಯ ಮೇಲೆ ಏನೋ ಬೆಚ್ಚಗೆ ಹರಿದಾಡಿದಂತಾಗುತ್ತಿತ್ತು. ಥಟ್ಟನೆ ತಿರುಗಿದರೆ ಅವನು ಪರೀಕ್ಷೆಯ ಹಾಲ್‌ನ ಮೇಲ್ವಿಚಾರಕನಷ್ಟು ಗಂಭೀರವಾಗಿ ಕನ್ನಡಿ ನೋಡುತ್ತಿರುತ್ತಿದ್ದ.

ಇಪ್ಪತ್ತಾರನೆಯ ಗಂಟೆಯಲ್ಲಿ ಹಿಂದಿನಿಂದ ಬಂದ ಬೈಕೊಂದು ಬಾಗಿಲನ್ನು ಸವರಿಕೊಂಡು ಹೋಯಿತು. ಅವಳು ಕಾರು ನಿಲ್ಲಿಸಿದಳು.

"ಕನ್ನಡಿ ನೋಡ್ತಿದ್ಯಾ ನೀನು?"

"ನೋಡ್ತಿದ್ದೆ."

"ಏನು ನೋಡ್ತಿದ್ದೆ?"

ಅವನ ಕಿವಿ ಕೆಂಪಾಯಿತು.

"ನಾನು ಬದುಕಿದೀನೋ ಸತ್ತಿದೀನೋ ಅನ್ನೋ ಗಮನಾನೂ ಇಲ್ಲ ನಿನಗೆ. ಇನ್ನು ನಿನ್ನ ಜೊತೆ ಕೂರಲ್ಲ."

ಕೂರಲಿಲ್ಲ. ಹನ್ನೊಂದು ದಿನ ಹಾಲು, ಬಲ್ಬು, ನಲ್ಲಿಯ ಮಾತಾಡಿದರು. ಕಾರಿನ ಮಾತೆತ್ತಲಿಲ್ಲ. ಹನ್ನೆರಡನೆಯ ದಿನ ಅವನು ಆಫೀಸಿನ ಮೆಟ್ಟಿಲ ಮೇಲೆ ಕುಸಿದವನು ಮತ್ತೆ ಏಳಲಿಲ್ಲ.

ಕಾರಿನಲ್ಲಿ ತಾನು ಅಂದಿದ್ದ ಆ ಮಾತು ಈಗ ಗಂಟಲಲ್ಲಿ ಮುಳ್ಳಿನಂತೆ ಉಳಿದಿತ್ತು. ನುಂಗಲೂ ಆಗದು, ಉಗುಳಲೂ ಆಗದು.

"ಅತ್ತೆ, ನೀವು ಜೊತೆಗೆ ಬರ್ತೀರಾ?"

"ನಾನಾ? ಗೇರು ಯಾವುದು, ಬ್ರೇಕು ಯಾವುದು ಅಂತಾನೂ ಗೊತ್ತಿಲ್ಲ ನನಗೆ."

"ಸುಮ್ನೆ ಕೂತಿರಿ, ಸಾಕು."

ಅತ್ತೆ ಮಗನ ಸೀಟಿನಲ್ಲಿ ಕೂತರು. ಇಬ್ಬರದೂ ಒಂದೇ ಎತ್ತರ; ಸೀಟನ್ನು ಸರಿಸಬೇಕಾಗಲಿಲ್ಲ. ಬೆಲ್ಟ್ ಹಾಕಿದ್ದೇ ಕಣ್ಣು ಮುಚ್ಚಿಕೊಂಡರು.

ಮೊದಲ ದಿನ ಸಿಗ್ನಲ್‌ನಲ್ಲಿ ಕಾರು ಮೂರು ಸಲ ಬಂದ್ ಬಿತ್ತು. ಹಿಂದೆ ಹಾರ್ನ್‌ಗಳ ಜಾತ್ರೆ. "ಬಡ್ಕೊಳ್ಳಲಿ ಬಿಡು," ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ. "ರಸ್ತೆ ಏನು ಅವರಪ್ಪಂದಾ?" ಮಾರನೆಯ ದಿನ ಎರಡು ಸಲ. ಆಮೇಲೆ ಒಂದು ಸಲ. ಸೇತುವೆಯ ಏರಿನಲ್ಲಿ ಕಾರು ಹಿಂದಕ್ಕೆ ಜಾರಿತು. ಅದೇ ಏರನ್ನು ಏಳು ಸಲ ಹತ್ತಿದಳು. ಒಂದು ದಿನ ಲಾರಿ ಎದುರಾಗಿ ದಾಟಿಹೋದ ಮೇಲೆ, ತಾನು ಉಸಿರಾಡುತ್ತಲೇ ಇದ್ದೆ ಎಂಬುದು ಗಮನಕ್ಕೆ ಬಂತು. ಮನೆಯಲ್ಲಿ ಮಾತ್ರ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಮೂವತ್ತೊಂಬತ್ತನೆಯ ಗಂಟೆ. ಕಾರು ಅಷ್ಟು ಹೊತ್ತು ಕುಲುಕದೇ ಹೋಗಿದ್ದಕ್ಕೋ ಏನೋ, ಅತ್ತೆ ಕಣ್ಣು ಬಿಟ್ಟರು.

"ಇದೇನೇ ಇದು, ಈ ಕನ್ನಡೀಲಿ ರಸ್ತೆಯೇ ಕಾಣಲ್ಲ?"

"ಹಿಂದೆ ಬರೋ ಗಾಡಿ ಕಾಣುತ್ತೆ, ನೋಡಿ."

"ಯಾವ ಗಾಡಿನೂ ಇಲ್ಲ. ಬರೀ ನಿನ್ನ ಮುಖ ಕಾಣ್ತಿದೆ."

ಅವಳು ಇಂಡಿಕೇಟರ್ ಹಾಕಿದಳು, ಪಕ್ಕಕ್ಕೆ ತಂದಳು, ನಿಲ್ಲಿಸಿದಳು. ಇಬ್ಬರೂ ಇಳಿದು ಸೀಟು ಬದಲಿಸಿದರು. ಅವಳು ಕುತ್ತಿಗೆ ನಿಗುರಿಸಿ ಅವನಷ್ಟು ಎತ್ತರವಾಗಿ ಕೂತು ನೋಡಿದಳು. ಸ್ಟೀರಿಂಗ್ ಹಿಂದೆ ಕೂತಿದ್ದ ಅತ್ತೆಯ ಮುಖ, ಹಣೆಯಿಂದ ಗಲ್ಲದವರೆಗೆ. ರಸ್ತೆ ಎಳ್ಳಷ್ಟೂ ಇಲ್ಲ. ಬೆರಳಿಂದ ತಳ್ಳಿದಳು. ಕನ್ನಡಿ ಅಲುಗಲಿಲ್ಲ. ಹಿಂದಿನ ಸ್ಕ್ರೂವನ್ನು ಅವನು ಅಲ್ಲಿಗೇ ಬಿಗಿದಿದ್ದ.

"ಕಳ್ಳ ನನ್ಮಗ," ಎಂದರು ಅತ್ತೆ ಮೆಲ್ಲಗೆ.

ಅವಳಿಗೆ ನಗು ಬಂತು. ಅಷ್ಟು ದಿನದಿಂದ ಬಾರದ ಅಳು ಅದರ ಹಿಂದೆಯೇ ಬಂತು. ಅತ್ತೆ ಸ್ಟೀರಿಂಗ್ ಹಿಡಿದು, ಎಲ್ಲಿಗೂ ಹೋಗದ ಕಾರಿನಲ್ಲಿ ಸುಮ್ಮನೆ ಮುಂದೆ ನೋಡುತ್ತ ಕೂತರು.

ನಲವತ್ತನೆಯ ಗಂಟೆಗೆ ಅವಳು ಒಬ್ಬಳೇ ಹೋದಳು. ಊರ ನಡುವಿನ ರಸ್ತೆಯಲ್ಲಿ, ತನ್ನ ಕನ್ನಡಿಯಲ್ಲಿ ಹಿಂದಿನವರನ್ನು ತಾನೇ ನೋಡಿಕೊಳ್ಳುತ್ತ. ಪಕ್ಕದ ಸೀಟಿನ ಎದುರಿನ ಕನ್ನಡಿಯತ್ತ ತಿರುಗಲಿಲ್ಲ. ಕೆನ್ನೆ ಬೆಚ್ಚಗಾಯಿತು; ಬಿಸಿಲಿರಬೇಕು.

ಸ್ಕೂಲಿನ ಮುಂದೆ ಎರಡು ವ್ಯಾನ್‌ಗಳ ನಡುವೆ ರಿವರ್ಸ್ ಹಾಕಿ ನಿಲ್ಲಿಸಿದಳು. ಮೇಷ್ಟ್ರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಸರ್, ಇದನ್ನ ಹೇಗೆ ಕೂರಿಸ್ಬೇಕು ಅಂತ ಅವರಿಗೆ ಹೇಳಿಕೊಟ್ಟಿದ್ರಾ?"

"ಒಂದಲ್ಲ, ಎರಡು ಸಲ. ಹಿಂದಿನ ಗಾಜು ಪೂರ್ತಿ ಕಾಣ್ಬೇಕು ಅಂತ. ಅವರೇ ಕೂರಿಸಿ ತೋರಿಸಿದ್ರು, ಸರಿಯಾಗಿತ್ತು." ಮೇಷ್ಟ್ರಿಗೆ ಗಾಬರಿಯಾಯಿತು. "ಯಾಕಮ್ಮ, ಆಮೇಲೇನಾದ್ರೂ ತಪ್ಪಾಗಿ ಕೂರಿಸಿದ್ರಾ?"

ಅವಳು ಗಾಜಿನಿಂದ ಕನ್ನಡಿಯನ್ನು ಕಿತ್ತಳು. ಸ್ಕ್ರೂ ಸಡಿಲಿಸಲಿಲ್ಲ.

"ಇಲ್ಲ ಸರ್, ಸರಿಯಾಗೇ ಇತ್ತು," ಎಂದು ಅದನ್ನು ಅವರ ಕೈಗಿಟ್ಟಳು.